ದೀಪಸ್ತಂಭದ ಹಿತ್ತಾಳೆ ಚಿಕ್ಕಮ್ಮ

ಹಿತ್ತಾಳೆ ಚಿಕ್ಕಮ್ಮನ ಬಲಗೈಯ ಹೆಬ್ಬೆರಳು ಎಡಗೈಯದಕ್ಕಿಂತ ಅಗಲವಾಗಿತ್ತು. ಉಗುರಿನ ಸುತ್ತ ಒಂದು ಕರಿ ಗೆರೆ. ಎಷ್ಟು ಸೋಪು ಹಾಕಿ ತಿಕ್ಕಿದರೂ ಅದು ಜಪ್ಪಯ್ಯ ಅನ್ನುತ್ತಿರಲಿಲ್ಲ. ಭಾವನ ಮಗಳು ಅವಳನ್ನು ಚಿಕ್ಕಮ್ಮ ಎಂದು ಕರೆದಳು, ಬಂದರಿನ ಮೀನುಗಾರರು ಆ ಕೈ ನೋಡಿ ಮುಂದೊಂದು ಹಿತ್ತಾಳೆ ಅಂಟಿಸಿದರು. ಅಲ್ಲಿಂದಾಚೆ ಊರಿಗೆಲ್ಲ ಅವಳು ಹಿತ್ತಾಳೆ ಚಿಕ್ಕಮ್ಮನೇ. ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವರೂ ಹಾಗೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು.

ಅವಳು ಪೇಟೆ ಬೀದಿಯ ಬೇಕರಿಯವರ ಮಗಳು. ಹಿಟ್ಟಿನಲ್ಲಿ ಬೆಳೆದ ಹುಡುಗಿ, ಬೆಚ್ಚಗಿನ ಗೋಡೆಗೆ ಬೆನ್ನು ಕೊಟ್ಟು ಮಲಗಿ ಅಭ್ಯಾಸ. ಮದುವೆಯಾಗಿ ಬಂದದ್ದು ಊರಿನ ತುದಿಗೆ, ಗಾಳಿ ಬಾಗಿಲು ತಟ್ಟದೆ ಒಳಗೆ ನುಗ್ಗುವ ಮನೆಗೆ. ಸಮುದ್ರಕ್ಕೆ ಮೂಗು ಚಾಚಿದ ಬಂಡೆ, ಬಂಡೆಯ ಮೇಲೆ ಕಲ್ಲಿನ ದೀಪಸ್ತಂಭ, ಅದರ ಬುಡಕ್ಕೆ ಅಂಟಿಕೊಂಡಂತೆ ದೀಪ ಕಾಯುವವರ ಮನೆ. ಗಂಡನ ಅಣ್ಣ, ಅವಳ ಭಾವ, ಅಲ್ಲಿ ದೊಡ್ಡ ಕಾವಲುಗಾರ; ಅವಳ ಗಂಡ ಚಿಕ್ಕ ಕಾವಲುಗಾರ. ಇಬ್ಬರ ಮೇಲೂ, ಯಾವ ಇಲಾಖೆಯೂ ನೇಮಿಸದ ದೊಡ್ಡ ಅಧಿಕಾರಿಯಾಗಿ ಅತ್ತೆ ಇದ್ದರು.

ಬಂದ ಮಾರನೆಯ ದಿನವೇ ಅತ್ತೆ ಅವಳನ್ನು ಮೇಲಕ್ಕೆ ಕರೆದುಕೊಂಡು ಹೋದರು. ಸುತ್ತು ಮೆಟ್ಟಿಲು ಹತ್ತಿ ಹುಡುಗಿಗೆ ತಲೆ ಗಿರ್ರೆನ್ನುತ್ತಿತ್ತು. ಬಾಗಿಲು ತೆರೆದರೆ ಎದುರಿಗೆ ಆ ಗಾಜು. ಅಂಥದ್ದನ್ನು ಅವಳು ಕನಸಿನಲ್ಲೂ ಕಂಡಿರಲಿಲ್ಲ. ಅಂಚು ಕತ್ತರಿಸಿದ ದಪ್ಪ ಗಾಜಿನ ಪಟ್ಟಿಗಳು, ಒಂದರ ಮೇಲೊಂದು ಬಳೆ ಪೇರಿಸಿದ ಹಾಗೆ, ಹಿತ್ತಾಳೆಯ ಚೌಕಟ್ಟಿನೊಳಗೆ ಆಳೆತ್ತರಕ್ಕೂ ಮೀರಿ ನಿಂತಿದ್ದವು. ಒಳಗೆ ಒಬ್ಬ ಮನುಷ್ಯ ಆರಾಮವಾಗಿ ನಿಲ್ಲಬಹುದಿತ್ತು. ನಡುವೆ ಇದ್ದದ್ದು ಮಾತ್ರ ಅಂಗೈಯಷ್ಟು ದೀಪ. ಆ ಚಿಕ್ಕ ಬೆಳಕನ್ನು ಈ ಗಾಜು ಬಾಚಿ ಒಟ್ಟುಮಾಡಿ ಸಮುದ್ರದ ಆಚೆಗೆ ಎಸೆಯುತ್ತದೆ ಎಂದು ಗಂಡ ಹೇಳಿದ್ದನ್ನು ಅವಳು ಮದುವೆಗಂಡಿನ ಬಡಾಯಿ ಎಂದುಕೊಂಡಿದ್ದಳು.

"ಉಂಗುರ ತೆಗಿ," ಎಂದರು ಅತ್ತೆ.

ಹುಡುಗಿ ಗಾಬರಿಯಾಗಿ ಬೆರಳು ಮುಚ್ಚಿಕೊಂಡಳು. ಹೊಸ ಉಂಗುರ.

"ಕೊಡು ಅನ್ನಲಿಲ್ಲ ತಾಯಿ, ತೆಗಿ ಅಂದೆ. ಗಾಜಿಗೆ ಗೀರು ಬೀಳುತ್ತೆ. ಅಗೋ ಅಲ್ಲಿ ಮೊಳೆ, ಅದಕ್ಕೆ ಸಿಗಿಸು. ಇಳಿಯುವಾಗ ಹಾಕ್ಕೋ. ಮರೆತು ಬಂದರೆ ಮತ್ತೆ ಹತ್ತಬೇಕಾಗುತ್ತೆ, ನಾನಂತೂ ಹತ್ತಲ್ಲ."

ಉಜ್ಜುತ್ತ ಉಜ್ಜುತ್ತ ಅತ್ತೆ ದೀಪಸ್ತಂಭದ ಕಥೆ ಹೇಳುತ್ತಿದ್ದರು. ಕೈ ಆಡಿದರೆ ಮಾತ್ರ ಅವರ ಬಾಯಿ ಆಡುತ್ತಿತ್ತು. ಹಿಂದೆ ಆ ಬಂಡೆಗೆ ಬಡಿದು ಒಂದು ಹಡಗು ಮುಳುಗಿತಂತೆ. ಸತ್ತವರ ಮನೆಯವರು ಅತ್ತರು, ಯಾರೂ ಕೇಳಲಿಲ್ಲ; ಸರಕು ಕಳೆದುಕೊಂಡವರು ಕೂಗಾಡಿದರು, ಕೂಡಲೇ ದೀಪಸ್ತಂಭ ಎದ್ದಿತು. ಕಲ್ಲು ಇಲ್ಲಿನದೇ, ಗಾಜು ಮಾತ್ರ ದೂರದೇಶದ್ದು. ಹುಲ್ಲು ತುಂಬಿದ ಪೆಟ್ಟಿಗೆಗಳಲ್ಲಿ ಬಂತು. ಪೆಟ್ಟಿಗೆ ಹೊತ್ತವರು ಉಸಿರು ಬಿಡಲೂ ಹೆದರಿದರಂತೆ. ಮೊದಲು ಎಣ್ಣೆ, ಆಮೇಲೆ ಸೀಮೆಎಣ್ಣೆ. ಗಾಜಿನ ಗೂಡು ಗಡಿಯಾರದಂಥ ಯಂತ್ರದ ಬಲದಿಂದ ತಿರುಗುತ್ತಿತ್ತು. ಸರಪಳಿಗೆ ಕಟ್ಟಿದ ಭಾರದ ಗುಂಡು ಮೆಲ್ಲಗೆ ಕೆಳಗಿಳಿದಂತೆ ಗಾಜು ಸುತ್ತು ಹಾಕುವುದು, ಗುಂಡು ತಳ ಮುಟ್ಟುವ ಮೊದಲು ಅಣ್ಣತಮ್ಮಂದಿರಲ್ಲಿ ಒಬ್ಬರು ಕೀಲಿ ತಿರುಗಿಸಿ ಅದನ್ನು ಮೇಲೆತ್ತುವುದು. ಹಗಲು ಹೊತ್ತು ಸುತ್ತಲೂ ಪರದೆ ಎಳೆಯಬೇಕು. ಇಲ್ಲವಾದರೆ ಬಿಸಿಲು ಹೊರಗಿನಿಂದ ನುಗ್ಗುತ್ತದೆ, ಅದೇ ಗಾಜು ಅದನ್ನೂ ಬಾಚಿ ಒಟ್ಟುಮಾಡಿ ಒಳಗೇ ಬೆಂಕಿ ಹಚ್ಚುತ್ತದೆ.

"ಬುದ್ಧಿ ಇಲ್ಲ ಅದಕ್ಕೆ," ಎನ್ನುತ್ತಿದ್ದರು ಅತ್ತೆ. "ನನ್ನ ಮಕ್ಕಳ ಹಾಗೆ. ಹೇಳಿದ ಕೆಲಸ ಮಾಡುತ್ತೆ, ಹೇಳದಿದ್ದರೆ ಮನೆ ಸುಡುತ್ತೆ."

ಆಗ ಡಬ್ಬಿಯ ಪಾಲಿಶ್ ಇರಲಿಲ್ಲ. ಜರಡಿ ಹಿಡಿದ ಬೂದಿ, ನಿಂಬೆ ಸಿಪ್ಪೆ, ಕೊನೆಗೆ ಹಳೆಯ ಒಣ ಬಟ್ಟೆ. ಕೈಪಿಡಿ, ಚೌಕಟ್ಟು, ತಿರುಪು, ಯಾವುದಕ್ಕೂ ವಿನಾಯಿತಿ ಇಲ್ಲ. ಅತ್ತೆಯ ಲೆಕ್ಕದಲ್ಲಿ ಹಿತ್ತಾಳೆ ಎಂದರೆ ಅದರಲ್ಲಿ ಮುಖ ಕಾಣಬೇಕು. ಮುಖದಲ್ಲಿ ನಾಚಿಕೆ ಕಾಣಬಾರದು. ಇಲಾಖೆಯ ಇನ್‌ಸ್ಪೆಕ್ಟರು ಹೇಳದೆ ಕೇಳದೆ ಬರುತ್ತಿದ್ದರು, ಬಿಳಿ ಕೈಗವಸು ತೊಟ್ಟು ಅಲ್ಲಿ ಇಲ್ಲಿ ಬೆರಳೆಳೆದು ನೋಡುತ್ತಿದ್ದರು. ಅವರ ಬೆರಳು ಮೊದಲು ಬೀಳುತ್ತಿದ್ದದ್ದು ಬಾಗಿಲಿಗೆ ಎದುರಾಗಿ, ಗಾಜಿನ ಪೀಠದ ಮೇಲಿದ್ದ ಹಿತ್ತಾಳೆ ಫಲಕಕ್ಕೆ. ಹಾಗಾಗಿ ಮನೆಯ ಒಳ್ಳೆಯ ಬಟ್ಟೆ, ಒಳ್ಳೆಯ ನಿಂಬೆ, ತೋಳಿನ ಮೊದಲ ಬಲ ಎಲ್ಲ ಆ ಫಲಕಕ್ಕೇ ಮೀಸಲು.

ಗಾಜು ಮಾಡಿದವರ ಹೆಸರೂ ಇಸವಿಯೂ ಇದ್ದ ಫಲಕ ಅದು. ಅತ್ತೆ ಸೊಸೆಯಾಗಿ ಬಂದ ಕಾಲಕ್ಕೆ ಅದರ ಅಕ್ಷರಗಳು ಉಗುರಿಗೆ ಸಿಗುತ್ತಿದ್ದವಂತೆ. ಚಿಕ್ಕಮ್ಮ ಬರುವ ಹೊತ್ತಿಗೆ ಉಳಿದದ್ದು ಕೊಕ್ಕೆಯಂಥ ಎರಡು ಗೆರೆ, ಮೂಲೆಯಲ್ಲಿ ಹೂವೋ ಎಲೆಯೋ ಒಂದರ ನೆರಳು. ಭಾವನ ಮಗಳು ಶಾಲೆಗೆ ಹೋಗುವ ಹೊತ್ತಿಗೆ ಅದೂ ಇಲ್ಲ, ಬರೀ ಕನ್ನಡಿ. ಹುಡುಗಿ ಅದರ ಮುಂದೆ ನಿಂತು ಬೈತಲೆ ತೆಗೆದುಕೊಳ್ಳುತ್ತಿದ್ದಳು. ಯಾರಿಗೂ ಅದೊಂದು ನಷ್ಟ ಅನ್ನಿಸಲಿಲ್ಲ. ಇನ್‌ಸ್ಪೆಕ್ಟರು ಅದರಲ್ಲಿ ತಮ್ಮ ಮೀಸೆ ನೋಡಿಕೊಂಡು ತೃಪ್ತಿಯಿಂದ ಇಳಿದು ಹೋಗುತ್ತಿದ್ದರು. ಮನೆಯವರಿಗೆ ಅದಕ್ಕಿಂತ ದೊಡ್ಡ ಬಹುಮಾನ ಬೇಕಿರಲಿಲ್ಲ.

ಅತ್ತೆ ಹೋದರು, ಭಾವ ಹೋದರು. ಸೀಮೆಎಣ್ಣೆ ಹೋಗಿ ಬಲ್ಬು ಬಂತು. ಕೊನೆಗೆ ಬಂದರಿನ ಬಾಯಲ್ಲಿ ಕಬ್ಬಿಣದ ಕಂಬ ನೆಟ್ಟು, ಅದರ ತಲೆಗೆ ತನ್ನಷ್ಟಕ್ಕೆ ತಾನೇ ಹತ್ತಿ ಆರುವ ಒಂದು ದೀಪ ಕೂರಿಸಿ, ಇಲಾಖೆಯವರು ಕಲ್ಲಿನ ದೀಪಸ್ತಂಭವನ್ನು ಆರಿಸಿದರು. ಚಿಕ್ಕಮ್ಮನ ಗಂಡ ನಿವೃತ್ತನಾಗಿದ್ದ, ಮೊಣಕಾಲು ಹಿಡಿದುಕೊಂಡಿದ್ದವು. ಬುಡದ ಮನೆಯಲ್ಲೇ ಅವರನ್ನು ಬಾಡಿಗೆಗೆ ಇರಗೊಟ್ಟು, ಬೀಗದ ಕೈಯನ್ನೂ ಅವರ ಬಳಿಯೇ ಬಿಟ್ಟರು. ಭಾವನ ಮಗಳು ಪೇಟೆ ಬೀದಿಯಲ್ಲಿ ಔಷಧಿ ಅಂಗಡಿ ಇಟ್ಟಿದ್ದಳು; ಮಧ್ಯಾಹ್ನದ ಊಟಕ್ಕೆ ದಿನಾ ಇಲ್ಲಿಗೇ ಬರುತ್ತಿದ್ದಳು, ಬಂದು ಚಿಕ್ಕಪ್ಪನ ಮಾತ್ರೆ ಎಣಿಸಿ ಗದರಿಸುತ್ತಿದ್ದಳು.

ದೀಪ ಆರಿದರೂ ಚಿಕ್ಕಮ್ಮ ಹತ್ತುವುದನ್ನು ಬಿಡಲಿಲ್ಲ. ಬೆಳಗಾದರೆ ಬಟ್ಟೆಯ ಗಂಟು ಹಿಡಿದು ಮೇಲೆ. ಪರದೆ ನೋಡಿ, ಗಾಜು ಒರೆಸಿ, ಹಿತ್ತಾಳೆ ಉಜ್ಜಿ, ಇಳಿದು ಬರುವಾಗ ಬಂದರಿನ ಕಟ್ಟೆಯಲ್ಲಿ ಹರಕುಬಲೆ ಎಂಬ ದೋಣಿಯವನು ಕೂತಿರುತ್ತಿದ್ದ. ಬಲೆ ಹೆಣೆಯಲು ಸೋಮಾರಿಯಾದ್ದರಿಂದ ಅವನಿಗೆ ಆ ಹೆಸರು.

"ಏನು ಚಿಕ್ಕಮ್ಮಾ, ಸತ್ತವರಿಗೆ ಸ್ನಾನ ಮಾಡಿಸಿ ಬಂದ್ರಾ?"

"ನಿನ್ನ ದೋಣಿಗಿಂತ ಜೀವ ಇದೆ ಬಿಡಪ್ಪ ಅದಕ್ಕೆ. ತಳ ನೋಡ್ಕೋ ಹೋಗು, ನೀರು ಒಳಗೆ ಬರ್ತಾ ಇದೆ."

"ಬರ್ಲಿ ಬಿಡಿ, ಮೀನೂ ಜೊತೆಗೆ ಬರುತ್ತೆ." ಆಮೇಲೆ ದನಿ ತಗ್ಗಿಸಿ, "ಆ ಕಬ್ಬಿಣದ ಕಂಬದ ದೀಪ ನೋಡಿದ್ರೆ ಯಾರೋ ಸಿಗರೇಟು ಹಚ್ಚಿದ ಹಾಗಿದೆ, ಚಿಕ್ಕಮ್ಮ. ಥೂ," ಎಂದು ಉಗುಳುತ್ತಿದ್ದ. ಅದು ಅವನ ಸಾಂತ್ವನ.

ಹೀಗಿರುವಾಗ ಒಂದು ದಿನ ಇಲಾಖೆಯಿಂದ ಇಬ್ಬರು ಟೇಪು ಹಿಡಿದು ಬಂದರು. ದೀಪದ ಕೋಣೆಯ ಬಾಗಿಲು ಅಳೆದರು, ಮೆಟ್ಟಿಲಿನ ತಿರುವು ಅಳೆದರು. ಚಿಕ್ಕಮ್ಮ ಚಹಾ ಮಾಡುತ್ತ ಕೇಳಿದಳು, ಯಾಕಪ್ಪ ಅಳತೆ ಎಂದು. ಗಾಜನ್ನು ಬಿಚ್ಚಿ ಪೆಟ್ಟಿಗೆಗೆ ತುಂಬಿ ದೊಡ್ಡ ಊರಿನ ಗೋಡೌನಿಗೆ ಸಾಗಿಸುತ್ತಾರಂತೆ. ಖಾಲಿ ಕಟ್ಟಡದಲ್ಲಿ ಯಾಕೆ ಸುಮ್ಮನೆ, ಎಂದರು. ಆ ಚಹಾಕ್ಕೆ ಚಿಕ್ಕಮ್ಮ ಸಕ್ಕರೆ ಹಾಕಲಿಲ್ಲ. ಮರೆತಳೋ, ಬೇಕೆಂದೇ ಬಿಟ್ಟಳೋ, ಅವಳ ಗಂಡನಿಗೂ ಗೊತ್ತಾಗಲಿಲ್ಲ.

ಭಾವನ ಮಗಳು ಊಟಕ್ಕೆ ಬಂದವಳು ಸುದ್ದಿ ಕೇಳಿ ತುತ್ತು ಕೆಳಗಿಟ್ಟಳು. "ಗೋಡೌನಿಗೆ ಹೋಗಿದ್ದು ವಾಪಸ್ ಬರಲ್ಲ ಚಿಕ್ಕಮ್ಮ. ನನ್ನ ಅಂಗಡಿಯ ಅಟ್ಟ ನೋಡಿಲ್ವಾ? ಒಂದು ಸಲ ಮೇಲೆ ಹೋಯ್ತೋ, ಮುಗೀತು ಅದರ ಕಥೆ."

ಅವಳೇ ಓಡಾಡಿದಳು. ಹಳೆಯ ಕಟ್ಟಡಗಳನ್ನು ನೋಡಿಕೊಳ್ಳುವ ಸ್ಮಾರಕಗಳ ಕಚೇರಿ ಒಂದಿದೆಯಂತೆ. ಅವರು ಇದನ್ನು ಸಂರಕ್ಷಿತ ಎಂದು ಬರೆದುಬಿಟ್ಟರೆ ಗಾಜನ್ನು ಅದರ ಜಾಗದಿಂದ ಯಾರೂ ಅಲುಗಿಸುವಂತಿಲ್ಲ. ಕಚೇರಿಯ ಒಬ್ಬ ಅಧಿಕಾರಿ ಬಂದು ಕಣ್ಣಾರೆ ನೋಡುವುದೆಂದು ತೀರ್ಮಾನವಾಯಿತು.

"ಚಿಕ್ಕಮ್ಮ, ಅವರು ಒಪ್ಪಿದ್ರೆ ಗಾಜು ಇಲ್ಲೇ. ಒಪ್ಪದಿದ್ರೆ ಗೋಡೌನು. ಅಷ್ಟೇ," ಎಂದಳು.

ಚಿಕ್ಕಮ್ಮನಿಗೆ ಇನ್ನೇನು ಹೇಳಬೇಕು? ಅಧಿಕಾರಿ ಬರುತ್ತಾರೆ ಎಂದ ಮೇಲೆ ಅವಳ ಕೈಗೆ ಗೊತ್ತಿದ್ದದ್ದು ಒಂದೇ. ಆ ವಾರವಿಡೀ ಉಜ್ಜಿದಳು. ಡಬ್ಬಿಯ ಪಾಲಿಶ್ ಸಾಲದೆಂದು ಅತ್ತೆಯ ಕಾಲದ ಬೂದಿ, ನಿಂಬೆಗೇ ಹೋದಳು. ಫಲಕವನ್ನಂತೂ ಬೆಳಿಗ್ಗೆ ಒಮ್ಮೆ, ಇಳಿಯುವ ಮೊದಲು ಒಮ್ಮೆ. ಭಾವನ ಮಗಳು ನೋಡಿದ್ದರೆ ತಡೆಯುತ್ತಿದ್ದಳೋ ಏನೋ. ತಡೆಯುತ್ತಿರಲಿಲ್ಲ ಬಿಡಿ, ಅವಳೂ ಅದೇ ಮನೆಯಲ್ಲಿ ಬೆಳೆದವಳು.

ಅಧಿಕಾರಿ ನಡುವಯಸ್ಸಿನ ಹೆಂಗಸು. ಜೇಬಿನ ಮೇಲೆ ಜೇಬಿದ್ದ ಪ್ಯಾಂಟು, ಹೆಗಲಿಗೆ ಭಾರದ ಚೀಲ. ಭಾವನ ಮಗಳ ಜೊತೆ ಮೇಲೆ ಬಂದು ಗಾಜಿನ ಮುಂದೆ ನಿಂತವರು ಚೀಲ ಇಳಿಸುವುದನ್ನೂ ಮರೆತರು. ಬಾಗಿಲ ಬಳಿ ಕೈಕಟ್ಟಿ ನಿಂತ ಚಿಕ್ಕಮ್ಮನಿಗೆ ಮದುವೆಯ ಮಾರನೆಯ ದಿನದ ತನ್ನ ಮುಖವೇ ಅಲ್ಲಿ ಕಂಡಂತಾಯಿತು. ಈಕೆ ನಮ್ಮವಳೇ, ಗೆದ್ದೆವು ಎಂದುಕೊಂಡಳು.

"ಒಂದು ಪಟ್ಟಿಯೂ ಒಡೆದಿಲ್ಲ," ಎಂದರು ಅಧಿಕಾರಿ. "ಅಮ್ಮಾ, ಮಾಡಿದವರ ಹೆಸರು, ಇಸವಿ ಇರೋ ಪ್ಲೇಟು ಒಂದು ಇರುತ್ತೆ. ಎಲ್ಲಿದೆ?"

"ಇಲ್ಲೇ ಮೇಡಂ, ನಿಮ್ಮ ಮುಂದೇ ಇದೆಯಲ್ಲ." ಚಿಕ್ಕಮ್ಮ ಹೆಮ್ಮೆಯಿಂದ ಪಕ್ಕಕ್ಕೆ ಸರಿದಳು.

ಅಧಿಕಾರಿ ಬಗ್ಗಿ ನೋಡಿದರು. ಕನ್ನಡಕ ಮೇಲೇರಿಸಿ ಮತ್ತೆ ನೋಡಿದರು. ಟಾರ್ಚು ಓರೆಯಾಗಿ ಹಿಡಿದರು, ಬೆರಳ ತುದಿಯಿಂದ ತಡವಿದರು.

"ಇದರಲ್ಲಿ ನಾನಿದ್ದೀನಿ, ಅಷ್ಟೇ," ಎಂದರು.

ಭಾವನ ಮಗಳು ಪೆಚ್ಚಾಗಿ ಚಿಕ್ಕಮ್ಮನತ್ತ ನೋಡಿದಳು. ಅಧಿಕಾರಿ ಬೈಯಲಿಲ್ಲ, ನಿಧಾನವಾಗಿ ಬಿಡಿಸಿ ಹೇಳಿದರು. ಇಲಾಖೆಯ ಹಳೆಯ ಕಾಗದಪತ್ರಗಳೆಲ್ಲ ಯಾವುದೋ ನೆರೆಯಲ್ಲಿ ಕೊಚ್ಚಿಹೋಗಿವೆ. ಗಾಜು ಯಾರದ್ದು, ಯಾವ ಕಾಲದ್ದು ಎನ್ನುವುದಕ್ಕೆ ವಸ್ತುವಿನ ಮೇಲೇ ಗುರುತಿರಬೇಕು. ಇಲ್ಲವಾದರೆ ಮೇಲಿನವರು ಯಾವುದೋ ಹಳೇ ಗಾಜು ಎಂದು ಪಕ್ಕಕ್ಕಿಡುತ್ತಾರೆ. "ನಾನು ಎಷ್ಟು ಚೆನ್ನಾಗಿದೆ ಅಂತ ಹೇಳಿದ್ರೂ ಅವರಿಗೆ ಸಾಲಲ್ಲ ಅಮ್ಮ."

ಚಿಕ್ಕಮ್ಮ ತನ್ನ ಹೆಬ್ಬೆರಳು ನೋಡಿಕೊಂಡಳು. ಇಳಿದು ಬಂದು ಅಡುಗೆಮನೆಯ ಮಣೆಯ ಮೇಲೆ ಕೂತಳು. ಗಂಡ ಕೋಲೂರಿಕೊಂಡು ಬಂದು ವಿಷಯ ತಿಳಿದ.

"ನಾನೇ ಅಳಿಸಿದೆ," ಎಂದಳು. "ಹೋದ ವಾರ ಉಜ್ಜದೆ ಇದ್ದಿದ್ರೆ ಏನಾದ್ರೂ ಒಂಚೂರು ಉಳೀತಿತ್ತೇನೋ."

"ಹುಚ್ಚಿ. ನಮ್ಮಮ್ಮ ಉಜ್ಜಿದ್ದು ನಿನ್ನ ಎರಡರಷ್ಟು. ಅವಳ ಅತ್ತೆ ಇನ್ನೆಷ್ಟೋ. ಅಷ್ಟ್ಯಾಕೆ, ನಾನೂ ಉಜ್ಜಿದ್ದೀನಿ, ಬೈಸಿಕೊಂಡಾಗೆಲ್ಲ."

"ನೀವು ಉಜ್ಜಿದ್ದಕ್ಕೆ ಏನೂ ಅಳಿಯಲ್ಲ ಬಿಡಿ," ಎಂದಳು ಚಿಕ್ಕಮ್ಮ. ಎಂದವಳಿಗೇ ನಗು ಬಂತು, ನಗುವಿನ ಬೆನ್ನಿಗೇ ಅಳುವೂ ಬಂತು. ಅವನು ಕೋಲು ಗೋಡೆಗೆ ಒರಗಿಸಿ ಪಕ್ಕದಲ್ಲಿ ಕೂತ. ಒಲೆಯ ಮೇಲಿನ ಪಾತ್ರೆ ಉಕ್ಕಿದರೂ ಇಬ್ಬರೂ ಏಳಲಿಲ್ಲ.

ಭಾವನ ಮಗಳು ಅಂಗಡಿ ತೆರೆಯಲು ಹೊರಟಿದ್ದವಳು ಬಾಗಿಲಲ್ಲಿ ಇಣುಕಿ, "ಮೇಡಂ ಇನ್ನೂ ಮೇಲೇ ಇದ್ದಾರೆ, ಟಾರ್ಚು ಹಿಡಿಯೋಕೆ ಯಾರಾದ್ರೂ ಬೇಕಂತೆ," ಎಂದಳು. ಗಂಡನ ಕಾಲು ಮೆಟ್ಟಿಲಿಗಲ್ಲ. ಚಿಕ್ಕಮ್ಮ ಮುಖ ತೊಳೆದುಕೊಂಡು ಮತ್ತೆ ಹತ್ತಿದಳು.

ಹೋಗಿ ನೋಡಿದರೆ ಅಧಿಕಾರಿ ನೆಲದ ಮೇಲೆ ಬೋರಲು ಮಲಗಿದ್ದಾರೆ. ತಲೆ ಗಡಿಯಾರದ ಯಂತ್ರವಿದ್ದ ಕಪಾಟಿಗೂ ಪೀಠಕ್ಕೂ ನಡುವಿನ ಸಂದಿಯ ಹತ್ತಿರ.

"ಅಲ್ಲಿ ಬೇಡ ಮೇಡಂ!" ಚಿಕ್ಕಮ್ಮ ಓಡಿದಳು. "ಅಲ್ಲಿ ನೋಡ್ಬೇಡಿ, ಅಲ್ಲಿ ಕೊಳೆ ಇದೆ!"

ಅವಳ ಬದುಕಿನ ಗುಟ್ಟು ಅದೊಂದೇ. ಆ ಸಂದಿಗೆ ಯಾರ ಕೈಯೂ ಹೋಗುತ್ತಿರಲಿಲ್ಲ, ಅತ್ತೆಯ ಸಣಕಲು ಕೈಯೂ. ಪ್ರತಿ ಇನ್‌ಸ್ಪೆಕ್ಟರ್ ಬಂದಾಗಲೂ ಮನೆಯ ಹೆಂಗಸರಲ್ಲಿ ಒಬ್ಬರು ಅದಕ್ಕೆ ಅಡ್ಡ ನಿಲ್ಲುವುದು ರೂಢಿ. ಅತ್ತೆಯ ನಂತರ ಆ ಕಾವಲು ಚಿಕ್ಕಮ್ಮನದೇ. ಈಗ ಮಾತ್ರ ತಡವಾಗಿತ್ತು. ಅಧಿಕಾರಿ ಚೀಲದಲ್ಲಿದ್ದ ಉದ್ದನೆಯ ಇಕ್ಕಳ ತೂರಿಸಿ, ಎಳೆದು, ಒಂದು ಬಟ್ಟೆಯ ಮುದ್ದೆಯನ್ನು ಹೊರತೆಗೆದರು. ಸಂದಿ ಒರೆಸಲೆಂದು ಚಿಕ್ಕಮ್ಮ ಎಂದೋ ಕೋಲಿನ ತುದಿಗೆ ಕಟ್ಟಿ ಒಳಗೆ ತುರುಕಲು ಹೋಗಿ ಸಿಕ್ಕಿಹಾಕಿಕೊಂಡ, ನೀಲಿ ಹೂವಿನ ದಿಂಬಿನ ಚೀಲ. ಅತ್ತೆ ಅದಕ್ಕಾಗಿ ಮನೆಯೆಲ್ಲ ಹುಡುಕಿ, ಬೆಕ್ಕಿನ ಮೇಲೆ ಅನುಮಾನಪಟ್ಟಿದ್ದರು.

"ಟಾರ್ಚು ಇಲ್ಲಿ ಹಿಡೀರಿ ಅಮ್ಮ. ಇನ್ನೂ ಸ್ವಲ್ಪ ಕೆಳಗೆ."

ಚಿಕ್ಕಮ್ಮ ಮುಖ ಆಚೆ ತಿರುಗಿಸಿಕೊಂಡೇ ಹಿಡಿದಳು. ಅಧಿಕಾರಿ ಉದ್ದ ಹಿಡಿಯ ಮೆತ್ತನೆಯ ಕುಂಚದಿಂದ ಧೂಳು ಸರಿಸಿದರು. ಹಸಿರು ಕಟ್ಟಿ ಕಪ್ಪಾದ ಹಿತ್ತಾಳೆಯ ಒಂದು ತುಂಡು, ಅದರ ಮೇಲೆ ಉಬ್ಬಿ ನಿಂತ ಅಕ್ಷರಗಳು. ಗೂಡು ಜೋಡಿಸುವಾಗ ಕೆಲಸಗಾರರು ಪೀಠದ ಬೆನ್ನಿಗೆ ಬಡಿದ ತುಂಡು. ಕಾರ್ಖಾನೆಯ ಹೆಸರು ಪೂರ್ತಿ ಇತ್ತು, ಇಸವಿಯೂ ಇತ್ತು. ಅತ್ತೆಯ ಅಜ್ಜಿಯೂ ಹುಟ್ಟಿರದ ಕಾಲ.

ಅಧಿಕಾರಿ ಎದ್ದು ಕೂತರು. ಕೂದಲಲ್ಲಿ ಜೇಡರ ಬಲೆ, ಮುಖದಲ್ಲಿ ನಗು. "ಇಷ್ಟು ಒಳ್ಳೆ ಕೊಳೆ ನಾನು ಎಲ್ಲೂ ನೋಡಿಲ್ಲ ಅಮ್ಮ!"

ಚಿಕ್ಕಮ್ಮನಿಗೆ ಆ ಹೊಗಳಿಕೆ ಕಪಾಳಕ್ಕೆ ಹೊಡೆದಂತಾಯಿತು. "ಒಂದು ನಿಮಿಷ ತಡೀರಿ ಮೇಡಂ, ಈಗ ಕಪಾಟು ಸರಿಸೋಕೆ ನೀವಿದ್ದೀರಲ್ಲ, ಒರೆಸಿ ಕೊಟ್ಟುಬಿಡ್ತೀನಿ," ಎಂದು ನಿಂಬೆ ಸಿಪ್ಪೆಗೆ ಕೈ ಹಾಕಿದಳು.

"ಮುಟ್ಟಬೇಡಿ!"

ಆ ಕೂಗು ಕೆಳಗೆ ಅಂಗಳದಲ್ಲಿದ್ದ ಗಂಡನಿಗೂ ಕೇಳಿಸಿತು.

ಸಂಜೆ ಅಂಗಡಿ ಬೇಗ ಮುಚ್ಚಿ ಭಾವನ ಮಗಳೂ ಬಂದಳು. ಅಡುಗೆಮನೆಯ ಮೇಜಿನ ಸುತ್ತ ನಾಲ್ವರೂ ಕೂತರು. ಈ ಸಲ ಚಹಾಕ್ಕೆ ಸಕ್ಕರೆ ಇತ್ತು. ಗಾಜು ಉಳಿಯುತ್ತದೆ, ಬರೆದು ಕಳಿಸುತ್ತೇನೆ ಎಂದರು ಅಧಿಕಾರಿ. ಆದರೆ ಒಂದು ಮಾತು. ಇನ್ನು ಮೇಲೆ ಅಲ್ಲಿನ ಹಿತ್ತಾಳೆಯನ್ನು ಯಾರೂ ಉಜ್ಜುವಂತಿಲ್ಲ. ಬೂದಿ, ನಿಂಬೆ, ಪಾಲಿಶ್ ಯಾವುದೂ ಇಲ್ಲ. ಕುಂಚದಿಂದ ಧೂಳು ಕೊಡವಬಹುದು, ಗಾಜನ್ನು ಒಣ ಬಟ್ಟೆಯಲ್ಲಿ ಒರೆಸಬಹುದು. ಪ್ರತಿ ಸಲ ಉಜ್ಜಿದಾಗಲೂ ಹಿತ್ತಾಳೆ ಒಂದಿಷ್ಟು ಬಟ್ಟೆಗೇ ಬಂದುಬಿಡುತ್ತದೆ. ತಿರುಪುಗಳ ತಲೆ ಈಗಾಗಲೇ ಅರ್ಧ ಸವೆದಿದೆ.

"ಉಜ್ಜದಿದ್ರೆ ಕಪ್ಪಾಗುತ್ತಲ್ಲ ಮೇಡಂ?"

"ಆಗ್ಲಿ ಅಮ್ಮ. ಅದು ಅದರ ಹೊದಿಕೆ."

"ನೋಡಿದವರು ಏನಂತಾರೆ? ಹಿತ್ತಾಳೆ ಚಿಕ್ಕಮ್ಮ ಹೋಗಿಬಿಟ್ಟಳಾ ಅಂತ ಕೇಳ್ತಾರೆ."

ಅಧಿಕಾರಿ ಲೋಟ ಕೆಳಗಿಟ್ಟರು. "ನಿಮಗೆ ಕಷ್ಟ ಅಂತ ನಂಗೆ ಗೊತ್ತು. ಆಗಲ್ಲ ಅಂದ್ರೆ ತಪ್ಪಿಲ್ಲ. ಹೊರಗಿಂದ ಒಬ್ಬ ಕಾವಲುಗಾರನನ್ನ ಹಾಕ್ತೀವಿ, ಬೀಗದ ಕೈ ಅವನ ಹತ್ರ ಇರುತ್ತೆ. ಆಗುತ್ತೆ ಅಂದ್ರೆ ನಿಮ್ಮ ಹತ್ರಾನೇ. ನೀವೇ ಹೇಳಬೇಕು."

ಭಾವನ ಮಗಳು ಏನೋ ಹೇಳಲು ಬಾಯಿ ತೆರೆದಳು. ಚಿಕ್ಕಪ್ಪ ಮೇಜಿನ ಕೆಳಗೆ ಅವಳ ಕಾಲು ತುಳಿದ. ಚಿಕ್ಕಮ್ಮ ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು. ಅವಳಿಗೆ ಸುಳ್ಳು ಹೇಳಿ ರೂಢಿಯಿಲ್ಲ. ಆಗುತ್ತದೆ ಎಂದು ಹೇಳಿ ಕಳ್ಳತನದಲ್ಲಿ ಉಜ್ಜುವವಳಲ್ಲ. ಅದಕ್ಕೇ ಅಷ್ಟು ಹೊತ್ತು ಬೇಕಾಯಿತು.

"ಕೈ ಇಲ್ಲೇ ಇರ್ಲಿ," ಎಂದಳು ಕೊನೆಗೆ, ಗೋಡೆಯ ಮೇಲೆ ನೇತಾಡುತ್ತಿದ್ದ ಬೀಗದ ಕೈ ತೋರಿಸಿ. "ನನ್ನ ಕೈಗೆ ನಾನು ಬುದ್ಧಿ ಹೇಳ್ತೀನಿ."

ಸಂರಕ್ಷಿತ ಎಂಬ ಆಜ್ಞೆ ಬಂತು, ಟೇಪಿನವರು ಮತ್ತೆ ಬರಲಿಲ್ಲ. ಆದರೆ ಬುದ್ಧಿ ಹೇಳಿದ್ದನ್ನು ಕೈ ಸುಲಭಕ್ಕೆ ಕೇಳಲಿಲ್ಲ. ಅದಕ್ಕೆ ಕೆಲಸ ಬೇಕಾಗಿತ್ತು. ಮನೆಯ ಪಾತ್ರೆಗಳನ್ನು ಉಜ್ಜಿ ಮುಗಿಸಿದಳು, ಬಾಗಿಲ ಚಿಲಕ ಮುಗಿಸಿದಳು, ಔಷಧಿ ಅಂಗಡಿಯ ತಕ್ಕಡಿಯನ್ನು ಎಷ್ಟು ಉಜ್ಜಿದಳೆಂದರೆ ಭಾವನ ಮಗಳು ತೂಕ ತಪ್ಪುತ್ತದೆಂದು ಹೆದರಿ ಅಡಗಿಸಿಟ್ಟಳು. ಹರಕುಬಲೆಯ ದೋಣಿಯ ಗಂಟೆಗೂ ಮುಕ್ತಿ ಸಿಕ್ಕಿತು.

"ಚಿಕ್ಕಮ್ಮಾ, ಏನು ಮಾಡಿದ್ರಿ ಇದನ್ನ? ಬಿಸಿಲಲ್ಲಿ ಕಣ್ಣು ಬಿಡೋಕಾಗಲ್ಲ. ಮೀನೆಲ್ಲ ಹೆದರಿ ಓಡ್ತಾ ಇದೆ!"

"ನಿನ್ನ ಮುಖ ಅದರಲ್ಲಿ ಕಾಣ್ತಾ ಇದೆಯಲ್ಲ, ಅದಕ್ಕೆ ಓಡ್ತಾ ಇದೆ," ಎಂದಳು ಅವಳು.

ಮೇಲೆ ಮಾತ್ರ ಕುಂಚ. ಮೊದಮೊದಲು ಅವಳು ಹಿತ್ತಾಳೆಯ ಕಡೆ ನೋಡದೆ ಧೂಳು ಕೊಡವಿ ಇಳಿಯುತ್ತಿದ್ದಳು. ಬಣ್ಣ ಇಳಿಯಿತು: ಚಿನ್ನದಂತಿದ್ದದ್ದು ಜೇನಿನಂತಾಯಿತು, ಆಮೇಲೆ ಕಡುಚಹಾದಂತೆ. ಫಲಕದಲ್ಲಿದ್ದ ಅವಳ ಮುಖ ಮೊದಲು ಮಸುಕಾಗಿ, ಆಮೇಲೆ ಮಾಯವಾಯಿತು. ಆ ದಿನ ಅವಳು ಕೆಳಗೆ ಬಂದು, ಆಗಲೇ ಉಜ್ಜಿಟ್ಟ ಪಾತ್ರೆಗಳನ್ನೇ ಇನ್ನೊಮ್ಮೆ ಉಜ್ಜಿದಳು. ದೀಪಸ್ತಂಭ ನೋಡಲು ಜನ ಬರತೊಡಗಿದರು. ಅವರ ಜೊತೆ ಹತ್ತುತ್ತ ಹತ್ತುತ್ತ ಹಡಗು ಮುಳುಗಿದ್ದರಿಂದ ಹಿಡಿದು ಕಥೆ ಹೇಳುವುದು ಅವಳ ಹೊಸ ಕೆಲಸವಾಯಿತು. ಯಾರಾದರೂ ಬೆರಳು ಚಾಚಿದರೆ ಕಥೆ ಅಲ್ಲಿಗೇ ನಿಂತು, "ಕೈ ಹಿಂದೆ ಕಟ್ಕೊಳ್ಳಿ" ಎಂಬ ಗದರಿಕೆ ಬರುತ್ತಿತ್ತು.

ಒಂದು ಬೆಳಿಗ್ಗೆ, ಮೊಣಕಾಲಿಗೆ ಹೊಸ ಮಾತ್ರೆ ಹಿಡಿಸಿದ ಧೈರ್ಯದಲ್ಲಿ, ಗಂಡ ತಾನೂ ಬರುತ್ತೇನೆಂದು ಹಟ ಹಿಡಿದ. ಅಲ್ಲಲ್ಲಿ ಕೂತು, ಏದುಸಿರು ಬಿಟ್ಟು, ಅವಳ ಹೆಗಲು ಹಿಡಿದು ಅಂತೂ ಮೇಲೆ ಬಂದ. ಗಾಜನ್ನು ಕಣ್ತುಂಬ ನೋಡಿದ. ಆಮೇಲೆ ಫಲಕ ಕಂಡಿತು. ಅಷ್ಟು ಕಪ್ಪಾದದ್ದನ್ನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅಯ್ಯೋ ಎಂದವನೇ ಜೇಬಿನಿಂದ ಕರವಸ್ತ್ರ ತೆಗೆದು, ಬಾಯಿಂದ ಹಾ ಎಂದು ಹಬೆ ಬಿಟ್ಟು ಒರೆಸಲು ಬಗ್ಗಿದ.

ಚಿಕ್ಕಮ್ಮ ಅವನ ಮಣಿಕಟ್ಟು ಹಿಡಿದಳು.

"ಕೈ ತೆಗೀರಿ."

"ಒಂದೇ ಸಲ ಕಣೇ. ಅಮ್ಮ ನೋಡಿದ್ರೆ ಏನಂತಿದ್ಲು..."

"ಅವರಿಗೆ ನಾನು ಉತ್ತರ ಹೇಳ್ಕೋತೀನಿ. ನೀವು ತೆಗೀರಿ."

ಅವನು ಅವಳ ಮುಖ ನೋಡಿದ, ಫಲಕ ನೋಡಿದ. ಕರವಸ್ತ್ರ ಕೈಯಲ್ಲೇ ಇತ್ತು, ಏನಾದರೂ ಒರೆಸಲೇಬೇಕಿತ್ತು. ತನ್ನ ಕನ್ನಡಕ ಬಿಚ್ಚಿ ಅದನ್ನೇ ಒರೆಸುತ್ತ ಮೆಟ್ಟಿಲ ಮೇಲೆ ಕೂತ.